1986ರ ಮ್ಯಾಸಿ 1035 ಟ್ರ್ಯಾಕ್ಟರಿಗೆ ಲೋಡರ್ ಕೂರಿಸಿದ್ದೇನೆ: ಎಷ್ಟು ಸಿಸಿಯ ಪಂಪು ಹೊಂದುತ್ತದೆ?

ತೆಂಗಿನತೋಟ ತಿಪಟೂರು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ. ಅಳತೆ ಹೇಳದೆ ಕೇಳಿದರೆ ಅಂದಾಜಿನ ಉತ್ತರವೇ ಬರುತ್ತದೆ ಎಂದು ಎರಡು ದಿನ ಟೇಪು, ಗಡಿಯಾರ ಹಿಡಿದು ಅಳೆದು ಬರೆಯುತ್ತಿದ್ದೇನೆ.

ನಮ್ಮದು 1986ರ ಮ್ಯಾಸಿ ಫರ್ಗುಸನ್ 1035. ಅಪ್ಪ ಆ ವರ್ಷದ ಕೊಬ್ಬರಿ ಮಾರಿದ ದುಡ್ಡಿಗೆ ಬ್ಯಾಂಕಿನ ಸಾಲ ಸೇರಿಸಿ ಕೊಂಡ ಗಾಡಿ. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್, ಸಿಂಗಲ್ ಕ್ಲಚ್, ಮುಂದೆ 6.00-16 ಟೈರು. ಪವರ್ ಸ್ಟೇರಿಂಗ್ ಇಲ್ಲ. ಎಂಜಿನ್ ಒಮ್ಮೆ ಮಾತ್ರ ಬಿಚ್ಚಿಸಿದ್ದೇವೆ. ಗೇರು, ಹೈಡ್ರಾಲಿಕ್ ಎರಡೂ ಚೆನ್ನಾಗಿವೆ. ಇದನ್ನು ಮಾರಿ ಹೊಸದು ತೆಗೆದುಕೊಳ್ಳಿ ಎಂದು ದಯವಿಟ್ಟು ಯಾರೂ ಹೇಳಬೇಡಿ. ಈ ಗಾಡಿ ನಮ್ಮ ಮನೆಯಲ್ಲೇ ಇರಬೇಕು, ಕೆಲಸವನ್ನೂ ಮಾಡುತ್ತಿರಬೇಕು ಎಂಬುದು ನನ್ನ ಆಸೆ.

ಮಾಲೂರಿನ ಕಡೆ ಒಂದು ಇಟ್ಟಿಗೆ ಗೂಡಿನಲ್ಲಿ ಹಳೆಯ ಲೋಡರಿನ (ಗಾಡಿಯ ಮುಂದೆ ಕೂತು ಬಕೆಟ್ಟಿನಿಂದ ಮಣ್ಣೆತ್ತುವ ತೋಳು) ಚೌಕಟ್ಟು ಸಿಕ್ಕಿತು. ತಿಪ್ಪೆಗೊಬ್ಬರ ತುಂಬಲು, ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತೋಟಕ್ಕೆ ಗೋಡು ಹೊಡೆಯಲು ಬೇಕಿತ್ತು. ಬಾಂಡಲಿಯಲ್ಲಿ ಗೋಡು ತುಂಬುವ ಆಳುಗಳು ಈಗ ಎಲ್ಲಿ ಸಿಗುತ್ತಾರೆ? ಲೋಡರಿಗೆ ಎರಡು ಲಿಫ್ಟ್ ಜಾಕ್, ಎರಡು ಬಕೆಟ್ ಜಾಕ್ ಇವೆ. ಲಿಫ್ಟ್ ಜಾಕ್ ಬಿಚ್ಚಿಸಿ ಅಳೆದೆ: ಒಳಗಿನ ವ್ಯಾಸ 63 ಮಿಲಿಮೀಟರ್, ರಾಡು 35, ರಾಡಿನ ಓಟ 550. ಸೀಲುಗಳನ್ನು ಹೊಸದಾಗಿ ಹಾಕಿಸಿದ್ದೇನೆ. ಕಂಟ್ರೋಲ್ ವಾಲ್ವು ಎರಡು ಲಿವರಿನದು, ಅದರ ಮೇಲೆ 40 ಲೀಟರ್ ಎಂದು ಕೊರೆದಿದೆ. ಬಕೆಟ್ ಕಾಲು ಘನಮೀಟರಿನದು.

ಸದ್ಯಕ್ಕೆ ವೆಲ್ಡಿಂಗ್ ಅಂಗಡಿಯವರು ಟ್ರ್ಯಾಕ್ಟರಿನ ಸ್ವಂತ ಹೈಡ್ರಾಲಿಕ್ಕಿನಿಂದಲೇ ಪೈಪು ಎಳೆದುಕೊಟ್ಟಿದ್ದಾರೆ. ಕೆಲಸ ಮಾಡುತ್ತದೆ, ಆದರೆ ತಾಳ್ಮೆ ಪರೀಕ್ಷಿಸುತ್ತದೆ. ಬಕೆಟ್ ತುಂಬಿಸಿ ನೆಲದಿಂದ ಪೂರ್ತಿ ಎತ್ತಲು 19 ಸೆಕೆಂಡು. ಪೈಪು ಬಿಚ್ಚಿ 20 ಲೀಟರಿನ ಕ್ಯಾನಿಗೆ ಹಿಡಿದೆ, ಎಂಜಿನ್ 1500 ಆರ್‌ಪಿಎಂನಲ್ಲಿದ್ದಾಗ ಕ್ಯಾನು ತುಂಬಲು 96 ಸೆಕೆಂಡು ಬೇಕಾಯಿತು. ಅಂದರೆ ನಿಮಿಷಕ್ಕೆ ಹನ್ನೆರಡೂವರೆ ಲೀಟರ್.

ನಿಧಾನವನ್ನಾದರೂ ಸಹಿಸಬಹುದು, ಇನ್ನೊಂದು ತೊಂದರೆಯನ್ನು ಸಹಿಸಲಾಗುತ್ತಿಲ್ಲ. ಗುಡ್ಡೆಯಿಂದ ಬಕೆಟ್ ತುಂಬಿಕೊಂಡು ಹಿಂದಕ್ಕೆ ಬಂದು, ತಿರುಗಿಸಿ, ಟ್ರೇಲರಿನ ಕಡೆ ಹೋಗುತ್ತೇನೆ. ಬಕೆಟ್ ಏರುತ್ತಾ ಇರುತ್ತದೆ. ಟ್ರೇಲರಿನ ಹಲಗೆ ಇನ್ನು ಒಂದು ಮಾರು ದೂರ ಎನ್ನುವಾಗ ಕ್ಲಚ್ ತುಳಿಯುತ್ತೇನೆ. ಅಲ್ಲಿಗೆ ಬಕೆಟ್ ಕೂಡ ನಿಂತುಬಿಡುತ್ತದೆ, ಹಲಗೆಗಿಂತ ಒಂದು ಗೇಣು ಕೆಳಗೆ. ಲಿವರ್ ಎಳೆದು ಹಿಡಿದರೂ ಏರುವುದಿಲ್ಲ. ಕ್ಲಚ್ ಬಿಟ್ಟರೆ ಗಾಡಿ ಮುಂದೆ ಹೋಗಿ ಹಲಗೆಗೆ ಗುದ್ದುತ್ತದೆ. ಗೇರು ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಬಕೆಟ್ ಏರಿಸಿ, ಮತ್ತೆ ಕ್ಲಚ್ ತುಳಿದು ಗೇರು ಹಾಕಿ ಮುಂದೆ ಹೋಗಬೇಕು. ಒಂದು ಟ್ರೇಲರ್ ತುಂಬುವಷ್ಟರಲ್ಲಿ ಎಡಗಾಲಿನ ಮಂಡಿ ನಡುಗುತ್ತದೆ.

ಬಿಡಿಭಾಗದ ಅಂಗಡಿಯೊಂದರಲ್ಲಿ ಕೇಳಿದರೆ 32 ಸಿಸಿಯ (ಒಂದು ಸುತ್ತಿಗೆ 32 ಮಿಲಿಲೀಟರ್ ಎಣ್ಣೆ ತಳ್ಳುವ) ಪಂಪು ಹಾಕಿ, ದೊಡ್ಡದು ಹಾಕಿದಷ್ಟೂ ಬಲ ಜಾಸ್ತಿ ಎಂದರು. ಪಕ್ಕದ ಊರಿನ ಸ್ನೇಹಿತರೊಬ್ಬರು ಹಳೆಯ ಫೋರ್ಕ್‌ಲಿಫ್ಟಿನ 11 ಸಿಸಿಯ ಪಂಪನ್ನು ಫ್ಯಾನ್ ಬೆಲ್ಟಿನ ಪುಲ್ಲಿಯಿಂದ ಓಡಿಸಿಕೊಳ್ಳಿ ಎನ್ನುತ್ತಾರೆ. ಒಬ್ಬರು 32, ಒಬ್ಬರು 11. ಎಷ್ಟು ಸಿಸಿ ಹಾಕಲಿ, ಅದನ್ನು ಎಲ್ಲಿಂದ ತಿರುಗಿಸಲಿ?

—

ಲೇತ್ ಮನೆ ಅರಸೀಕೆರೆ:

ಅಣ್ಣಾ, ಬೆಲ್ಟಿನ ಯೋಚನೆ ಬಿಟ್ಟುಬಿಡಿ. ಗೇರ್ ಪಂಪಿನ ಶಾಫ್ಟು ತಿರುಗುವುದಕ್ಕೆ ಇರುವುದೇ ಹೊರತು ಪಕ್ಕಕ್ಕೆ ಎಳೆಸಿಕೊಳ್ಳುವುದಕ್ಕಲ್ಲ. ಬೆಲ್ಟನ್ನು ಜಾರದಷ್ಟು ಬಿಗಿ ಮಾಡಿದಿರೋ, ಶಾಫ್ಟು ಒಂದು ಬದಿಗೆ ಒತ್ತಿಕೊಂಡು ಒಳಗಿನ ಬುಷ್ ತಿನ್ನುತ್ತದೆ, ಗೇರಿನ ಹಲ್ಲು ಹೌಸಿಂಗನ್ನು ಕೆರೆಯುತ್ತದೆ. ಹಾಗೆ ಕೆಟ್ಟ ಮೂರು ಪಂಪುಗಳನ್ನು ನನ್ನ ಕೈಯಾರೆ ಬಿಚ್ಚಿದ್ದೇನೆ. ಬೆಲ್ಟೇ ಬೇಕೆಂದರೆ ಬೇರೆ ಬೇರಿಂಗ್ ಬ್ಲಾಕಿನಲ್ಲಿ ಪುಲ್ಲಿ ಕೂರಿಸಿ, ಅದಕ್ಕೆ ಕಪ್ಲಿಂಗಿನಿಂದ ಪಂಪು ಜೋಡಿಸಬೇಕು. ಅಷ್ಟು ಜಾಗ ನಿಮ್ಮ ಗಾಡಿಯ ಮುಂದೆ ಇಲ್ಲ.

ಸುಲಭದ ದಾರಿ ಹಿಂದಿನ ಪಿಟಿಒ, ಅಂದರೆ ಬೇರೆ ಯಂತ್ರ ಓಡಿಸಲು ಗಾಡಿಯ ಹಿಂದೆ ಇರುವ ಶಾಫ್ಟು. 540 ಆರ್‌ಪಿಎಂ ಅನ್ನು ಮೂರರಷ್ಟು ಏರಿಸುವ ಗೇರ್‌ಬಾಕ್ಸ್ ಸಿಗುತ್ತದೆ, ಅದಕ್ಕೇ ಪಂಪು ಕೂರುತ್ತದೆ. ಎಣ್ಣೆಯ ಟ್ಯಾಂಕನ್ನು ತ್ರೀ ಪಾಯಿಂಟಿನಲ್ಲಿ (ನೇಗಿಲು ಕಟ್ಟುವ ಹಿಂದಿನ ತೋಳುಗಳಲ್ಲಿ) ತೂಗುಹಾಕಿ, ಹಿಂದಕ್ಕೆ ತೂಕವೂ ಆಯಿತು. ಗಾಡಿಯನ್ನು ಎಲ್ಲಿಯೂ ಕೊರೆಯಬೇಕಿಲ್ಲ. ಬೇಡವಾದಾಗ ಅರ್ಧ ಗಂಟೆಯಲ್ಲಿ ಕಳಚಿ ಇಡಬಹುದು.

—

ಪೀಣ್ಯದ ಫಿಟ್ಟರ್:

ಯಜಮಾನರೇ, ಇಷ್ಟು ಅಳೆದು ಬರೆದದ್ದಕ್ಕೆ ಮೊದಲು ವಂದನೆ. ಮೂವತ್ತು ವರ್ಷ ಪೀಣ್ಯದಲ್ಲಿ ಹೈಡ್ರಾಲಿಕ್ ಕೆಲಸ ಮಾಡಿದ್ದೇನೆ. ಪಂಪು ಕೇಳಿಕೊಂಡು ಬರುವವರಲ್ಲಿ ಜಾಕಿನ ಅಳತೆ ತರುವವರು ಅಪರೂಪ.

ಅರಸೀಕೆರೆಯವರು ಬೆಲ್ಟಿನ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಆದರೆ ಪಿಟಿಒ ಪಂಪನ್ನು ನಾನು ಒಪ್ಪುವುದಿಲ್ಲ. ನಿಮ್ಮದು ಸಿಂಗಲ್ ಕ್ಲಚ್. ಕ್ಲಚ್ ತುಳಿದಾಗ ಬಕೆಟ್ ಯಾಕೆ ನಿಲ್ಲುತ್ತದೆ? ಫರ್ಗುಸನ್ ಕಾಲದಿಂದ ಬಂದ ಈ ವಿನ್ಯಾಸದಲ್ಲಿ ಹೈಡ್ರಾಲಿಕ್ ಪಂಪು ಗೇರ್‌ಬಾಕ್ಸಿನ ಹಿಂದೆ ಎಣ್ಣೆಯೊಳಗೆ ಮುಳುಗಿ ಕೂತಿರುತ್ತದೆ, ನಾಲ್ಕು ಪಿಸ್ಟನ್ನಿನದು. ಅದನ್ನು ತಿರುಗಿಸುವುದು ಪಿಟಿಒ ಶಾಫ್ಟು. ಸಿಂಗಲ್ ಕ್ಲಚ್ಚಿನಲ್ಲಿ ಕ್ಲಚ್ ತುಳಿದರೆ ಪಿಟಿಒ ನಿಲ್ಲುತ್ತದೆ, ಅದರ ಜೊತೆ ಪಂಪೂ ನಿಲ್ಲುತ್ತದೆ. ಡ್ಯುಯಲ್ ಕ್ಲಚ್ ಇದ್ದಿದ್ದರೆ ಅರ್ಧ ತುಳಿದಾಗ ಗಾಡಿ ಮಾತ್ರ ನಿಂತು ಪಿಟಿಒ ತಿರುಗುತ್ತಿತ್ತು. ಈಗ ಅದೇ ಪಿಟಿಒಗೆ ಹೊಸ ಪಂಪು ಹಾಕಿದರೆ ಬಕೆಟ್ ಬೇಗ ಏರುತ್ತದೆ, ನಿಜ. ಆದರೆ ಟ್ರೇಲರಿನ ಹತ್ತಿರ ಕ್ಲಚ್ ತುಳಿದ ತಕ್ಷಣ ಈಗಿನಂತೆಯೇ ನಿಲ್ಲುತ್ತದೆ. ನಿಮ್ಮ ಮಂಡಿಗೆ ಏನೂ ಉಪಕಾರವಿಲ್ಲ. ಅರೆ ತುಂಬಿದ ಬಕೆಟ್ ನಡುದಾರಿಯಲ್ಲಿ ನಿಲ್ಲುವುದು ಅಪಾಯವೂ ಹೌದು.

ಆದ್ದರಿಂದ ಪಂಪನ್ನು ಕ್ರ್ಯಾಂಕಿನಿಂದ ನೇರವಾಗಿ ತಿರುಗಿಸಿ. ಕ್ರ್ಯಾಂಕ್ ಪುಲ್ಲಿಗೆ ಒಂದು ಅಡಾಪ್ಟರ್ ತಟ್ಟೆ, ಅದರಿಂದ ರೇಡಿಯೇಟರಿನ ಕೆಳಗೆ ಮುಂದಿನ ಆ್ಯಕ್ಸಲ್ ಸಪೋರ್ಟಿನ ನಡುವೆ ಹಾದುಬರುವ ಸಣ್ಣ ಶಾಫ್ಟು, ಅದರ ತುದಿಗೆ ಪಂಪು. ಈ ಮಾದರಿಯ ಗಾಡಿಗಳಿಗೆ ಲೋಡರ್ ಹಾಕುವಾಗ ಹೀಗೆ ಮಾಡುವುದು ಹಳೆಯ ಪದ್ಧತಿ. ಎಂಜಿನ್ ತಿರುಗುವವರೆಗೂ ಎಣ್ಣೆ ಬರುತ್ತದೆ, ಕ್ಲಚ್ಚಿಗೂ ಬಕೆಟ್ಟಿಗೂ ಸಂಬಂಧವೇ ಇರುವುದಿಲ್ಲ. ಶಾಫ್ಟಿನ ಎರಡು ತುದಿಗೂ ಸಣ್ಣ ಜಾಯಿಂಟು ಇರಲಿ, ನಡುವೆ ಜಾರುವ ಸ್ಪ್ಲೈನ್ (ಉದ್ದಕ್ಕೆ ಸರಿಯುವ ಹಲ್ಲಿನ ಜೋಡಣೆ) ಇರಲಿ. ಬರೀ ರಬ್ಬರ್ ಕಪ್ಲಿಂಗ್ ನಂಬಿದರೆ ಚೌಕಟ್ಟು ತುಸು ಬಾಗಿದಾಗಲೂ ಪಂಪಿನ ಮೂತಿಗೆ ಪೆಟ್ಟು ಬೀಳುತ್ತದೆ.

ಇನ್ನು ಸಿಸಿ. ಪಂಪಿನ ಸಿಸಿಯನ್ನು ಆರ್‌ಪಿಎಂನಿಂದ ಗುಣಿಸಿ ಸಾವಿರದಿಂದ ಭಾಗಿಸಿ, ಸೋರಿಕೆಗೆಂದು ನೂರಕ್ಕೆ ಎಂಟು ಕಳೆಯಿರಿ, ನಿಮಿಷಕ್ಕೆ ಎಷ್ಟು ಲೀಟರೆಂದು ಸಿಗುತ್ತದೆ. ನಿಮ್ಮ ಒಂದು ಲಿಫ್ಟ್ ಜಾಕ್ ಪೂರ್ತಿ ನೀಳಲು 1.7 ಲೀಟರ್ ಬೇಕು, ಎರಡಕ್ಕೆ 3.4. ಈಗಿನ ಹನ್ನೆರಡೂವರೆ ಲೀಟರಿನಲ್ಲಿ ಖಾಲಿ ಬಕೆಟ್ಟಿಗೇ 16 ಸೆಕೆಂಡು ಬೇಕು, ತುಂಬಿದ್ದಾಗ 19 ಆಗುವುದರಲ್ಲಿ ಆಶ್ಚರ್ಯವಿಲ್ಲ. ಅದು ಟ್ರ್ಯಾಕ್ಟರಿನ ತಪ್ಪಲ್ಲ. ಆ ಪಂಪನ್ನು ಮಾಡಿದ್ದು ನೇಗಿಲನ್ನು ಮೊಳದುದ್ದ ಎತ್ತಿ ಇಳಿಸುವುದಕ್ಕೆ.

20 ಸಿಸಿ ಹಾಕಿದರೆ 1500 ಆರ್‌ಪಿಎಂನಲ್ಲಿ ಇಪ್ಪತ್ತೇಳೂವರೆ ಲೀಟರ್, ಬಕೆಟ್ ಏಳೂವರೆ ಸೆಕೆಂಡಿನಲ್ಲಿ ಮೇಲಿರುತ್ತದೆ. ಪೂರ್ತಿ 2000ಕ್ಕೆ ಏರಿಸಿದರೆ 37 ಲೀಟರ್, ನಿಮ್ಮ ವಾಲ್ವಿನ 40ರ ಒಳಗೇ. ಐಡಲ್ ಆಗಿ 700ರಲ್ಲಿ ಓಡುವಾಗಲೂ ಸೋರಿಕೆ ಕಳೆದು ಹೆಚ್ಚುಕಡಿಮೆ 13 ಲೀಟರ್ ಸಿಗುತ್ತದೆ, ಅಂದರೆ ಈಗ 1500ರಲ್ಲಿ ಸಿಗುವಷ್ಟು. ಇದೇ ನಿಮ್ಮ ಗಾಡಿಗೆ ಸರಿಯಾದ ಪಂಪು.

32 ಸಿಸಿ ಹಾಕಿದರೆ 2000ದಲ್ಲಿ 59 ಲೀಟರ್. ವಾಲ್ವು ತಡೆಯುವುದಿಲ್ಲ. ಅಷ್ಟು ಎಣ್ಣೆ ಸಣ್ಣ ದಾರಿಯಲ್ಲಿ ನುಗ್ಗಿ ಕಾಯುತ್ತದೆ. 140 ಬಾರ್ ಒತ್ತಡದಲ್ಲಿ ಅದಕ್ಕೆ 22 ಎಚ್‌ಪಿ ಬೇಕು. 35 ಎಚ್‌ಪಿಯ ಗಾಡಿ ಗುಡ್ಡೆಗೆ ನುಗ್ಗುವುದಕ್ಕೆ ಏನು ಉಳಿಯಿತು? ಎಂಜಿನ್ ನಿಧಾನವಾಗಿ ಓಡುವಾಗ ಲಿವರ್ ಎಳೆದರೆ ಮುಕ್ಕರಿದು ಬಂದ್ ಆದರೂ ಆಗಬಹುದು.

ದೊಡ್ಡ ಪಂಪಿಗೆ ಬಲ ಜಾಸ್ತಿ ಎಂಬ ಮಾತನ್ನು ಅಂಗಡಿಗಳಲ್ಲಿ ದಿನವೂ ಕೇಳುತ್ತೇನೆ, ಪ್ರತಿ ಸಲವೂ ಬೇಸರವಾಗುತ್ತದೆ. ಪಂಪು ಕೊಡುವುದು ವೇಗವನ್ನು. ಬಲ ಬರುವುದು ಜಾಕಿನ ಅಗಲದಿಂದ ಮತ್ತು ರಿಲೀಫ್ ವಾಲ್ವು (ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ವಾಲ್ವು) ಬಿಟ್ಟುಕೊಡುವ ಒತ್ತಡದಿಂದ. ಕೆರೆಯಿಂದ ನೀರು ಸೇದುವ ಮೋಟಾರು ದೊಡ್ಡದಾದರೆ ತೊಟ್ಟಿ ಬೇಗ ತುಂಬುತ್ತದೆ, ತೊಟ್ಟಿ ದೊಡ್ಡದಾಗುವುದಿಲ್ಲವಲ್ಲ, ಹಾಗೆ.

ಬಲದ ಲೆಕ್ಕಕ್ಕೆ ಇನ್ನೆರಡು ಅಳತೆ ಬೇಕು. ಬಕೆಟ್ ನೆಲದ ಮೇಲಿರುವಾಗ, ಲೋಡರಿನ ತೋಳಿನ ಮೇಲಿನ ಪಿನ್ನಿನಿಂದ ಬಕೆಟ್ಟಿನ ನಡುವಿಗೆ ಎಷ್ಟು ದೂರ? ಅದೇ ಪಿನ್ನಿನಿಂದ ಲಿಫ್ಟ್ ಜಾಕ್ ಸಾಗುವ ಗೆರೆಗೆ ಮೂಲೆಮಟ್ಟ ಹಿಡಿದರೆ ಎಷ್ಟು?

—

ತೆಂಗಿನತೋಟ ತಿಪಟೂರು:

ಫಿಟ್ಟರ್ ಅಣ್ಣ, ಓದಿ ಮುಗಿಸಿದ ಕೂಡಲೇ ಕೊಟ್ಟಿಗೆಗೆ ಹೋಗಿ ಅಳೆದೆ. ಬಕೆಟ್ಟಿನ ನಡುವಿಗೆ 210 ಸೆಂಟಿಮೀಟರ್, ಜಾಕಿನ ಗೆರೆಗೆ 20. ಬಕೆಟ್ ಒಂದನ್ನೇ ಕೊಬ್ಬರಿ ಮಂಡಿಯ ತಕ್ಕಡಿಯಲ್ಲಿ ತೂಗಿಸಿದೆ, 130 ಕೆಜಿ ಬಂತು. ರಿಲೀಫನ್ನು ವೆಲ್ಡಿಂಗ್ ಅಂಗಡಿಯವರು 140 ಬಾರ್ ಎಂದು ಹೇಳಿ ತಿರುಗಿಸಿದ್ದರು, ಗೇಜು ಹಾಕಿ ನೋಡಿದವರಿಲ್ಲ.

ಅರಸೀಕೆರೆಯ ಅಣ್ಣನ ಸಲಹೆಯಂತೆ ಪಿಟಿಒ ಪಂಪಿಗೆ ಮುಂಗಡ ಕೊಡಲು ಹೊರಟಿದ್ದೆ. ಕ್ಲಚ್ಚಿನ ವಿಷಯ ತಿಳಿಯದೆ ಕೊಟ್ಟಿದ್ದರೆ ದುಡ್ಡೂ ಹೋಗುತ್ತಿತ್ತು, ತೊಂದರೆಯೂ ಉಳಿಯುತ್ತಿತ್ತು.

—

ಲೇತ್ ಮನೆ ಅರಸೀಕೆರೆ:

ಸಿಂಗಲ್ ಕ್ಲಚ್ ಎಂದು ನೀವು ಬರೆದಿದ್ದನ್ನು ನಾನು ಗಮನಿಸಲಿಲ್ಲ. ಫಿಟ್ಟರ್ ಅವರು ಹೇಳಿದ್ದೇ ಸರಿ. ಅಡಾಪ್ಟರ್ ತಟ್ಟೆಯನ್ನು ನಾನೇ ತಿರುವಿಕೊಡುತ್ತೇನೆ, ಪುಲ್ಲಿಯನ್ನೂ ಜೊತೆಗೆ ತನ್ನಿ. ಕೇಂದ್ರ ಕೂದಲೆಳೆಯಷ್ಟು ತಪ್ಪಿದರೂ ಶಾಫ್ಟು ಬಡಿಯುತ್ತದೆ, ಹಾಗಾಗಿ ಡಯಲ್ ಗೇಜು ಹಿಡಿದೇ ಕೂರಿಸಬೇಕು.

—

ಗೋವಿನಜೋಳ ಹಾವೇರಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪಂಪಿನ ಲೆಕ್ಕ ನನಗೆ ಗೊತ್ತಿಲ್ಲ. ಮುಂದಿನ ಆ್ಯಕ್ಸಲ್ ಮುರಿದದ್ದು ಗೊತ್ತು.

ನಮ್ಮದು ಬೇರೆ ಕಂಪನಿಯ 35 ಎಚ್‌ಪಿ ಗಾಡಿ. ಅದಕ್ಕೆ ಜೋರಾದ ಪಂಪು ಹಾಕಿಸಿ, ರಿಲೀಫನ್ನು ಕೊನೆಯವರೆಗೆ ಬಿಗಿದು, ಎತ್ತದ್ದು ಯಾವುದೂ ಇಲ್ಲ ಎಂಬಂತೆ ಎರಡು ತಿಂಗಳು ಓಡಿಸಿದೆವು. ಒಂದು ಸಂಜೆ ಹಸಿ ಮಣ್ಣು ತುಂಬಿದ ಬಕೆಟ್ಟನ್ನು ತಲೆಯ ಮಟ್ಟಕ್ಕೆ ಎತ್ತಿಕೊಂಡು ಬದು ದಾಟುವಾಗ ಎಡಗಡೆಯ ಸ್ಪಿಂಡಲ್ (ಮುಂದಿನ ಚಕ್ರ ಕೂರುವ ದಂಡ) ಕಟ್ ಎಂದು ಮುರಿಯಿತು. ಚಕ್ರ ಒಳಗೆ ಮಡಚಿ ಗಾಡಿ ಎಡಕ್ಕೆ ಮಲಗಿತು. ಓಡಿಸುತ್ತಿದ್ದವನು ನನ್ನ ತಮ್ಮ. ಬಲಕ್ಕೆ ಹಾರಿದ್ದರಿಂದ ಉಳಿದ. ಮುರಿದ ತುಂಡನ್ನು ನೋಡಿದರೆ ಅರ್ಧ ಭಾಗ ತುಕ್ಕು ಹಿಡಿದು ಕಪ್ಪಾಗಿತ್ತು, ಅರ್ಧ ಭಾಗ ಹೊಸದಾಗಿ ಹೊಳೆಯುತ್ತಿತ್ತು. ಬಿರುಕು ಮೊದಲೇ ಬಿಟ್ಟಿತ್ತು, ನಾವು ನೋಡಿರಲಿಲ್ಲ.

ತಿಪಟೂರಿನ ಅಣ್ಣನವರೇ, ಪಂಪು ಕೊಳ್ಳುವ ಮೊದಲು ಸ್ಪಿಂಡಲ್ ಎರಡನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಸುಣ್ಣದ ಪುಡಿ ಹಚ್ಚಿ ನೋಡಿ. ಬಿರುಕಿದ್ದರೆ ಎಣ್ಣೆ ಗೆರೆಯಾಗಿ ಮೂಡುತ್ತದೆ.

—

ಪೀಣ್ಯದ ಫಿಟ್ಟರ್:

ಹಾವೇರಿಯವರು ಬರೆದದ್ದನ್ನು ಎಲ್ಲರೂ ಎರಡು ಸಲ ಓದಬೇಕು. ತಮ್ಮನವರು ಉಳಿದರಲ್ಲ, ಅದು ದೊಡ್ಡದು.

ಈಗ ಬಲದ ಲೆಕ್ಕ. ಎರಡು ಜಾಕಿನ ಪಿಸ್ಟನ್ ಸೇರಿ 62 ಚದರ ಸೆಂಟಿಮೀಟರ್. 140 ಬಾರಿಗೆ ಅವು ಒಟ್ಟು 8900 ಕೆಜಿ ಒತ್ತುತ್ತವೆ. ಜಾಕ್ ಒತ್ತುವುದು ಪಿನ್ನಿನಿಂದ 20 ಸೆಂಟಿಮೀಟರಿನಲ್ಲಿ, ಭಾರ ಇರುವುದು 210ರಲ್ಲಿ. ಹಾಗಾಗಿ ಬಕೆಟ್ಟಿನಲ್ಲಿ ಸಿಗುವುದು 850. ಬಕೆಟ್ 130, ತೋಳಿನ ಪಾಲು 70 ಎಂದು 200 ಕಳೆದರೆ 650 ಕೆಜಿ ಮಣ್ಣು ಎತ್ತುತ್ತದೆ. ನಿಮ್ಮ ಗಾಡಿಯ ಮುಂಭಾಗಕ್ಕೆ ಇದು ವಿಪರೀತ. ರಿಲೀಫನ್ನು 110 ಬಾರಿಗೆ ಇಳಿಸಿ. ಆಗ 7000 ಕೆಜಿ ಒತ್ತಡ, ಬಕೆಟ್ಟಿನಲ್ಲಿ 660, ಭಾರ ಕಳೆದು 460. ಕಾಲು ಘನಮೀಟರಿನ ಬಕೆಟ್ಟಿಗೆ ಹಸಿ ಗೋಡು ತುಂಬಿದರೆ ಹೆಚ್ಚುಕಡಿಮೆ 400ರಿಂದ 450 ಕೆಜಿ. ಅದನ್ನು ಎತ್ತುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಎತ್ತದೆ ನಿಲ್ಲುತ್ತದೆ. ನಮಗೆ ಬೇಕಾದದ್ದೂ ಅದೇ. 110 ಬಾರಿಗೆ ಪಂಪು ಕೇಳುವುದೂ ಹತ್ತು ಹನ್ನೊಂದು ಎಚ್‌ಪಿ ಮಾತ್ರ.

ಆ 450 ಕೆಜಿ ಮುಂದಿನ ಆ್ಯಕ್ಸಲ್ ಮೇಲೆ 450 ಆಗಿಯೇ ಬೀಳುವುದಿಲ್ಲ ಎಂಬುದನ್ನೂ ನೋಡಿ. ನಿಮ್ಮ ಎರಡು ಆ್ಯಕ್ಸಲ್ ನಡುವೆ 1.83 ಮೀಟರ್. ಬಕೆಟ್ ಮುಂದಿನ ಆ್ಯಕ್ಸಲ್ಲಿಗಿಂತ 1.1 ಮೀಟರ್ ಮುಂದಿದೆ ಎಂದುಕೊಳ್ಳೋಣ. ಗಾಡಿ ತಕ್ಕಡಿಯಂತೆ ಮುಂದಿನ ಚಕ್ರದ ಮೇಲೆ ತೂಗುತ್ತದೆ. ಮುಂದೆ ಬೀಳುವುದು 720 ಕೆಜಿ, ಹಿಂದಿನ ಚಕ್ರದಿಂದ 270 ಕೆಜಿ ಎದ್ದುಹೋಗುತ್ತದೆ. ಲೋಡರಿನ ಸ್ವಂತ ತೂಕ ಇದರ ಮೇಲೆ. ತ್ರೀ ಪಾಯಿಂಟಿನಲ್ಲಿ 300 ಕೆಜಿಯ ಕಾಂಕ್ರೀಟ್ ದಿಮ್ಮಿಯನ್ನು ಹಿಂದಿನ ಆ್ಯಕ್ಸಲ್ಲಿಗಿಂತ ಒಂದು ಮೀಟರ್ ಹಿಂದಕ್ಕೆ ಇಟ್ಟರೆ ಮುಂದಿನಿಂದ 160 ಕೆಜಿ ಇಳಿಯುತ್ತದೆ. ದಿಮ್ಮಿಯಿಲ್ಲದೆ ಲೋಡರ್ ಓಡಿಸಲೇಬೇಡಿ. ಭಾರವಿದ್ದಾಗ ಬಕೆಟ್ ನೆಲದಿಂದ ಒಂದು ಮೊಳಕ್ಕಿಂತ ಮೇಲೆ ಹೋಗದಂತೆ ಓಡಾಡಿ, ಟ್ರೇಲರಿನ ಪಕ್ಕ ಬಂದ ಮೇಲೆ ಎತ್ತಿ. ಈಗಿನ ಹಾಗೆ ದಾರಿಯುದ್ದಕ್ಕೂ ಏರಿಸುತ್ತಾ ಹೋಗುವ ಅಗತ್ಯ ಹೊಸ ಪಂಪಿಗೆ ಇರುವುದಿಲ್ಲ.

ಪಂಪು ತರುವಾಗ ಒಂದು ವಿಷಯ ತಪ್ಪಬೇಡಿ: ತಿರುಗುವ ದಿಕ್ಕು. ಎಂಜಿನ್ ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆದರೆ ಪಂಪಿನ ದಿಕ್ಕನ್ನು ಹೇಳುವುದು ಅದರ ಶಾಫ್ಟನ್ನು ನಮ್ಮ ಕಡೆ ಹಿಡಿದು ನೋಡಿ. ನಿಮ್ಮ ಗಾಡಿಯಲ್ಲಿ ಪಂಪು ಎಂಜಿನ್ನಿಗೆ ಮುಖ ಮಾಡಿ ಕೂರುತ್ತದೆ, ಹಾಗಾಗಿ ಅದು ಎಡಕ್ಕೆ ತಿರುಗುವ ಪಂಪೇ ಆಗಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಬಲಕ್ಕೆ ತಿರುಗುವುದು.

ಎಣ್ಣೆ ಎಳೆಯುವ ಪೈಪು ಒಂದೂಕಾಲು ಇಂಚು, ಒಳಗೆ ತಂತಿಯ ಸುರುಳಿ ಇರುವುದು. ಟ್ಯಾಂಕು 35ರಿಂದ 40 ಲೀಟರಿನದು, ಪಂಪಿಗಿಂತ ಎತ್ತರದಲ್ಲಿ. ಗೇರ್‌ಬಾಕ್ಸಿನ ಎಣ್ಣೆಯನ್ನು ಲೋಡರಿಗೆ ಬಳಸಬೇಡಿ, ಅದರಲ್ಲಿ ಗೇರಿನ ಪುಡಿ ಇರುತ್ತದೆ. ಬೇರೆಯಾಗಿ 68 ನಂಬರಿನ ಹೈಡ್ರಾಲಿಕ್ ಎಣ್ಣೆ, ಹಿಂದಿರುಗುವ ದಾರಿಯಲ್ಲಿ ಫಿಲ್ಟರ್. ರಿಲೀಫ್ ವಾಲ್ವು ಪಂಪಿಗೂ ಮೊದಲ ಕಪ್ಲರಿಗೂ (ಪೈಪು ಕಳಚುವ ಜೋಡಣೆಗೂ) ನಡುವೆ ಇರಬೇಕು. ಕ್ರ್ಯಾಂಕಿನ ಪಂಪು ಎಂದೂ ನಿಲ್ಲುವುದಿಲ್ಲ, ಕಪ್ಲರ್ ಕಳಚಿಟ್ಟು ಎಂಜಿನ್ ಚಾಲೂ ಮಾಡಿದರೆ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಏನಾದರೂ ಸಿಡಿಯುತ್ತದೆ.

—

ತೆಂಗಿನತೋಟ ತಿಪಟೂರು:

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ.

ಮೊದಲು ಹಾವೇರಿಯ ಅಣ್ಣನಿಗೆ. ಸುಣ್ಣದ ಪುಡಿ ಹಚ್ಚಿ ನೋಡಿದೆ. ಬಲಗಡೆಯ ಸ್ಪಿಂಡಲಿನ ಬುಡದಲ್ಲಿ, ಬೇರಿಂಗ್ ಕೂರುವ ಜಾಗಕ್ಕೆ ತಾಗಿದಂತೆ, ಉಗುರಿನಷ್ಟು ಉದ್ದದ ಗೆರೆ ಬಿಳಿಯ ಮೇಲೆ ನಿಧಾನವಾಗಿ ಕಪ್ಪಾಗಿ ಮೂಡಿತು. ಹತ್ತು ನಿಮಿಷ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಆ ಚಕ್ರದ ಪಕ್ಕದಲ್ಲೇ ನನ್ನ ಮಗ ನಿಂತು ನನಗೆ ಕೈ ತೋರಿಸಿ ದಾರಿ ಹೇಳುತ್ತಿದ್ದದ್ದು. ಎರಡೂ ಸ್ಪಿಂಡಲ್, ಬೇರಿಂಗು, ನಡುವಿನ ಪಿನ್ನು, ಬುಷ್ ಎಲ್ಲವನ್ನೂ ಹೊಸದು ಹಾಕಿದೆ. ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು.

ಪಂಪಿನದು ಬೇರೆಯ ಕಥೆ. 20 ಸಿಸಿ, ಎಡಕ್ಕೆ ತಿರುಗುವುದು ಎಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಅಂಗಡಿಯವರು ಎರಡೂ ಕಡೆ ತಿರುಗುತ್ತದೆ ಎಂದು ಹೇಳಿ ಒಂದನ್ನು ಕೊಟ್ಟರು. ಮೈಮೇಲೆ ಬಾಣದ ಗುರುತು ಇರಲಿಲ್ಲ. ನಂಬಿ ತಂದು ಜೋಡಿಸಿದೆವು. ಎಂಜಿನ್ ಚಾಲೂ ಮಾಡಿ ಹತ್ತು ಎಣಿಸುವುದರೊಳಗೆ ಶಾಫ್ಟಿನ ಆಯಿಲ್ ಸೀಲು ಹೊರಗೆ ಜಿಗಿದು, ಎಣ್ಣೆ ರೇಡಿಯೇಟರಿನ ಮೇಲೆಲ್ಲಾ ಚಿಮ್ಮಿತು. ಮಗ ಕೂಡಲೇ ಸ್ಟಾಪರ್ ಎಳೆದ. ಫಿಟ್ಟರ್ ಅಣ್ಣನಿಗೆ ಅದೇ ರಾತ್ರಿ ಸಂದೇಶ ಕಳುಹಿಸಿ ಗುರುತು ಕೇಳಿದೆ. ಅವರು ಹೇಳಿದ್ದನ್ನು ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತೇನೆ. ಪಂಪಿನ ಶಾಫ್ಟು ನಿಮ್ಮ ಕಡೆಗೆ, ಮೇಲ್ಭಾಗದಲ್ಲಿ ಇರುವಂತೆ ಹಿಡಿಯಿರಿ. ಎರಡು ತೂತುಗಳಲ್ಲಿ ದೊಡ್ಡದು ಎಣ್ಣೆ ಎಳೆಯುವುದು. ಆ ದೊಡ್ಡ ತೂತು ಎಡಗಡೆ ಇದ್ದರೆ ಪಂಪು ಬಲಕ್ಕೆ ತಿರುಗುವುದು, ಬಲಗಡೆ ಇದ್ದರೆ ಎಡಕ್ಕೆ ತಿರುಗುವುದು. ಎಣ್ಣೆ ಗೇರುಗಳ ನಡುವಿನಿಂದ ಹೋಗುವುದಿಲ್ಲ, ಹೊರಗಿನ ಸುತ್ತಿನಿಂದ ಹೋಗುತ್ತದೆ, ಅದಕ್ಕೇ ಹೀಗೆ. ನನಗೆ ಕೊಟ್ಟಿದ್ದರಲ್ಲಿ ದೊಡ್ಡ ತೂತು ಎಡಗಡೆ ಇತ್ತು. ಬೆಳಗ್ಗೆ ಅದನ್ನು ಅಂಗಡಿಯ ಮೇಜಿನ ಮೇಲಿಟ್ಟು ತೋರಿಸಿದೆ. ಮಾತಿಲ್ಲದೆ ಬದಲಾಯಿಸಿಕೊಟ್ಟರು.

ಈಗ ಕೂತಿದೆ. ಅರಸೀಕೆರೆಯ ಅಣ್ಣ ತಿರುವಿಕೊಟ್ಟ ತಟ್ಟೆ ಎಷ್ಟು ನೇರವಾಗಿದೆ ಎಂದರೆ, ಶಾಫ್ಟು ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಯೇ ತಿಳಿಯಬೇಕು. ಶಾಫ್ಟಿನ ಮೇಲೆ ತಗಡಿನ ಮುಚ್ಚಳ ಹಾಕಿಸಿದ್ದೇನೆ. ಗೇಜು ನೋಡಿಕೊಂಡು ರಿಲೀಫನ್ನು 110ಕ್ಕೆ ನಿಲ್ಲಿಸಿದೆ. ಮೊದಲು ಓದಿದಾಗ ಗೇಜು ತೋರಿಸಿದ್ದು 165. 140 ಎಂದು ಹೇಳಿ ಬಿಗಿದದ್ದು ಅಷ್ಟಿತ್ತು! ಹಿಂದೆ 320 ಕೆಜಿಯ ದಿಮ್ಮಿ ಎರಕ ಹೊಯ್ದು ಕಟ್ಟಿದ್ದೇನೆ. ಖಾಲಿ ಬಕೆಟ್ 1500ರಲ್ಲಿ ಏಳೂವರೆ ಸೆಕೆಂಡಿಗೆ, ಗೋಡು ತುಂಬಿದ್ದು ಎಂಟಕ್ಕೆ ಮೇಲಿರುತ್ತದೆ.

ನಿನ್ನೆ ಕೆರೆಯಲ್ಲಿ ಮೊದಲ ದಿನ. ಟ್ರೇಲರಿನ ಹತ್ತಿರ ಬಂದು ಕ್ಲಚ್ ತುಳಿದು ಲಿವರ್ ಎಳೆದೆ. ಗಾಡಿ ನಿಂತಿತು, ಬಕೆಟ್ ಮಾತ್ರ ಏರುತ್ತಲೇ ಇತ್ತು. ಹಲಗೆ ದಾಟಿ ಒಂದು ಗೇಣು ಮೇಲೆ ಹೋದ ಮೇಲೆ ಲಿವರ್ ಬಿಟ್ಟೆ. ಏರಿಯ ಮೇಲೆ ಕೂತಿದ್ದವರಿಗೆ ಇದರಲ್ಲೇನು ವಿಶೇಷ ಎನ್ನಿಸಿರಬೇಕು. ನನಗೆ ಕಣ್ಣು ತುಂಬಿ ಬಂತು.

ಒಂದೇ ಅನುಮಾನ ಉಳಿದಿದೆ. ಎರಡು ಗಂಟೆ ಬಿಡದೆ ಕೆಲಸ ಮಾಡಿದ ಮೇಲೆ ಟ್ಯಾಂಕಿನ ಎಣ್ಣೆ 62 ಡಿಗ್ರಿ ಇತ್ತು. ಬಿಸಿಲೂ ಜೋರಿತ್ತು. ಇದು ಹೆಚ್ಚಾಯಿತೇ? ಟ್ಯಾಂಕು 38 ಲೀಟರಿನದು.

—

ಪೀಣ್ಯದ ಫಿಟ್ಟರ್:

62 ಇದ್ದರೆ ಏನೂ ಯೋಚನೆ ಬೇಡ. 80 ದಾಟಿದರೆ ಸೀಲುಗಳು ಗಟ್ಟಿಯಾಗಲು ಶುರುವಾಗುತ್ತವೆ, ಅಲ್ಲಿಯವರೆಗೆ ನೀವು ಹೋಗುವುದಿಲ್ಲ. ಟ್ಯಾಂಕಿಗೆ ಎಣ್ಣೆ ಹಿಂದಿರುಗುವ ಪೈಪಿನ ಬಾಯಿ ಎಣ್ಣೆಯ ಮಟ್ಟಕ್ಕಿಂತ ಕೆಳಗಿದೆಯೇ ನೋಡಿ. ಮೇಲಿನಿಂದ ಸುರಿದರೆ ನೊರೆ ಬರುತ್ತದೆ. ಎಳೆಯುವ ಪೈಪಿನ ಬಾಯಿಂದ ಅದು ದೂರವಿರಲಿ, ನಡುವೆ ಒಂದು ತಗಡು ಅಡ್ಡ ಇದ್ದರೆ ಇನ್ನೂ ಒಳ್ಳೆಯದು. ಪಂಪಿನಿಂದ ಜಲ್ಲಿ ಕಲ್ಲು ಅಲ್ಲಾಡಿಸಿದಂತಹ ಸದ್ದು ಕೇಳಿದರೆ ತಕ್ಷಣ ನಿಲ್ಲಿಸಿ, ಗಾಳಿ ಎಳೆಯುತ್ತಿದೆ ಎಂದು ಅರ್ಥ.

ಪೈಪಿನಲ್ಲಿ ಎಲ್ಲಾದರೂ ಎಣ್ಣೆ ಜಿನುಗುತ್ತಿದ್ದರೆ ಕೈಯಿಂದ ತಡವಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. 110 ಬಾರಿನ ಸಣ್ಣ ಚಿಮ್ಮು ಚರ್ಮದೊಳಗೆ ನುಗ್ಗಬಲ್ಲದು. ಬಕೆಟ್ ಎತ್ತಿಟ್ಟು ಕೆಳಗೆ ಕೆಲಸ ಮಾಡುವಾಗ ತೋಳಿಗೆ ಕಬ್ಬಿಣದ ಆನಿಕೆ ಕೊಡಿ, ಮಗನಿಗೂ ಹೇಳಿ.

ಮೊದಲ 50 ಗಂಟೆಗೆ ಫಿಲ್ಟರ್ ಬದಲಾಯಿಸಿ. ಹಳೆಯದನ್ನು ಬಿಸಾಡದೆ ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ಫೋಟೊ ತೆಗೆದು ಹಾಕಿ. ಹಳೆಯ ಜಾಕಿನಿಂದ ಏನೇನು ಬಂದಿದೆ ಎಂದು ನೋಡೋಣ.

—

ತೆಂಗಿನತೋಟ ತಿಪಟೂರು:

ಹಿಂದಿರುಗುವ ಪೈಪಿನ ಬಾಯಿ ಎಣ್ಣೆಗಿಂತ ನಾಲ್ಕು ಬೆರಳು ಮೇಲಿದೆ ಅಣ್ಣ. ನಾಳೆ ಬೆಳಗ್ಗೆ ಗಾಡಿ ತೆಗೆಯುವ ಮೊದಲು ಪೈಪು ಉದ್ದ ಮಾಡಿಸುತ್ತೇನೆ. ಫಿಲ್ಟರಿನ ಫೋಟೊ 50 ಗಂಟೆ ಆದ ದಿನವೇ ಹಾಕುತ್ತೇನೆ.